ಊಟ ಸೇರದ ದಿನ

1984ರಲ್ಲಿ ನಾನು ಹೊನ್ನಾಳಿಯ ಕಾಲೇಜೊಂದರಲ್ಲಿ ಅರೆಕಾಲಿಕ ಅಧ್ಯಾಪಕನಾಗಿದ್ದೆ. ಅರೆಕಾಲಿಕ ಎಂದರೆ ಸಂಬಳ ಅರ್ಧ, ಕೆಲಸ ಪೂರ್ತಿ. ವಾರವೆಲ್ಲ ಪಿ.ಯು. ಹುಡುಗರಿಗೆ ವ್ಯಾಕರಣ ಹೇಳಿ ಗಂಟಲೊಣಗಿದ ಮೇಲೆ, ಭಾನುವಾರ ಅಂಚೆ ಶಿಕ್ಷಣದಲ್ಲಿ ಎಂ.ಎ. ಓದುವವರಿಗೆ ಸಂಪರ್ಕ ತರಗತಿ. ಚನ್ನಗಿರಿ, ನ್ಯಾಮತಿ, ಜಗಳೂರಿನಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದ ಪ್ರೈಮರಿ ಶಾಲೆಯ ಮೇಷ್ಟ್ರುಗಳು ನನ್ನ ವಿದ್ಯಾರ್ಥಿಗಳು. ಅವರೂ ದಣಿದಿರುತ್ತಿದ್ದರು, ನಾನೂ. ಒಬ್ಬರ ಆಕಳಿಕೆ ಇನ್ನೊಬ್ಬರಿಗೆ ಅಂಟುತ್ತಿತ್ತು.

ನನಗೆ ಸಿಕ್ಕ ವಿಷಯ, ಸಾಹಿತ್ಯದಲ್ಲಿ ರೌದ್ರ, ಭಯಾನಕ, ಬೀಭತ್ಸ. ಸಂಯೋಜಕರಾಗಿದ್ದ ಹಿರಿಯ ಪ್ರಾಧ್ಯಾಪಕರು ಶೃಂಗಾರವನ್ನು ತಾವಿಟ್ಟುಕೊಂಡು ಹೆಣಗಳನ್ನು ನನಗೆ ಬಿಟ್ಟಿದ್ದರು. ಅದೂ ಊಟಕ್ಕೆ ಮುಂಚಿನ ಪೀರಿಯಡ್. ಬೀಭತ್ಸವೆಂದರೆ ಅಸಹ್ಯದಿಂದ ಹುಟ್ಟುವ ರಸ. ಶಾಸ್ತ್ರ ಆ ಭಾವವನ್ನು ಜುಗುಪ್ಸೆ ಎನ್ನುತ್ತದೆ. ನಾನು ಸುಲಭ ಮಾಡಿ ಹೇಳುತ್ತಿದ್ದೆ: ಓದಿದ ಮೇಲೆ ಊಟ ಸೇರಬಾರದು, ಅದೇ ಬೀಭತ್ಸ. ಆಮೇಲೆ ರಣರಂಗದ ವರ್ಣನೆ ಓದುತ್ತ ನರಿಯಂತೆ ಊಳಿಟ್ಟು, ರಣಹದ್ದಿನಂತೆ ಕತ್ತು ಕೊಂಕಿಸಿ, ಪಿಶಾಚಿ ಕರುಳೆಳೆಯುವ ಹಾಗೆ ಹೆಗಲ ಟವೆಲ್ ಎಳೆಯುತ್ತಿದ್ದೆ. ಗಂಟೆ ಹೊಡೆದೊಡನೆ ಎಲ್ಲರೂ ರೊಟ್ಟಿ ಬಿಚ್ಚಿ ಹೊಟ್ಟೆ ತುಂಬ ಉಣ್ಣುತ್ತಿದ್ದರು. ನನ್ನ ಕೈಗೆ ಸಿಕ್ಕ ಮೂರು ರಸಗಳೂ ಹಾಸ್ಯವಾಗಿಬಿಡುತ್ತಿದ್ದವು.

ಅಣಕ ನನ್ನ ಚಟ. ಸಂಯೋಜಕರು ಕನ್ನಡಕದ ಮೇಲಿಂದ ನೋಡಿ ‘ಇದು ಶಾಸ್ತ್ರಸಮ್ಮತವೇ?’ ಎನ್ನುವುದನ್ನು ಮಾಡಿ ತೋರಿಸುತ್ತಿದ್ದೆ. ಅವರೆದುರು ಕೈಕಟ್ಟಿ ‘ಹೌದು ಸಾರ್’ ಎನ್ನುವ ನನ್ನನ್ನೂ ಮಾಡುತ್ತಿದ್ದೆ. ಅದಕ್ಕೇ ಹೆಚ್ಚು ಚಪ್ಪಾಳೆ. ನ್ಯಾಮತಿಯ ಮೇಷ್ಟ್ರೊಬ್ಬರು ಕೂರುವ ಮುಂಚೆ ಬೆಂಚನ್ನು ಕರ್ಚೀಫಿನಿಂದ ಒರೆಸಿ, ಅದನ್ನು ಎರಡೇ ಬೆರಳಲ್ಲಿ ಹಿಡಿದು ಕಿಟಕಿಯಾಚೆ ಒದರುತ್ತಿದ್ದರು. ಅದನ್ನೂ ಮಾಡಿದ್ದೆ. ಎಲ್ಲರೂ ನಕ್ಕರು, ಹಾಲೇಶನೂ ನಕ್ಕ.

ಹಾಲೇಶ ಸೂಳೆಕೆರೆಯ ದಡದ ಊರಿನವನು, ನನ್ನ ಓರಗೆಯವನು. ಮೀನು ಹಿಡಿಯುವ ಅವರ ಮನೆತನದಲ್ಲಿ ಎಂ.ಎ. ತನಕ ಬಂದವನು ಅವನೊಬ್ಬನೇ. ಜಗಳೂರಿನ ಜೂನಿಯರ್ ಕಾಲೇಜೊಂದರಲ್ಲಿ ಅಧ್ಯಾಪಕರ ಜಾಗ ಖಾಲಿಯಿತ್ತು. ಜೂನ್ ಒಳಗೆ ಎಂ.ಎ. ಮುಗಿಸಿದರೆ ಜಾಗ ಅವನದು, ಇಲ್ಲವಾದರೆ ಬೇರೆಯವರದು ಎಂದು ಆಡಳಿತ ಮಂಡಳಿಯವರು ಹೇಳಿದ್ದರು. ಉಳಿದದ್ದು ಕಿರುಪ್ರಬಂಧವೊಂದೇ, ವಿಷಯ, ರಣರಂಗ ವರ್ಣನೆಗಳಲ್ಲಿ ಬೀಭತ್ಸ. ಅದರ ಕೊನೆಯಲ್ಲಿ ಅವನು ಹೀಗೆ ಬರೆದಿದ್ದ: ಈ ಪದ್ಯಗಳ ರಕ್ತ, ಕರುಳು ತನಗೆ ಭಯ ತಂದವು, ದುಃಖ ತಂದವು, ಅಸಹ್ಯ ಮಾತ್ರ ತರಲಿಲ್ಲ, ಆದ್ದರಿಂದ ಬೀಭತ್ಸ ಎಲ್ಲ ಓದುಗರಿಗೂ ಒಂದೇ ಅಲ್ಲ.

ಸಂಯೋಜಕರು ಆ ಪುಟಕ್ಕೆ ಕೆಂಪು ಗೆರೆ ಎಳೆದು ನನ್ನ ಕೈಗಿತ್ತರು. ಜುಗುಪ್ಸೆ ಆಗಲಿಲ್ಲವೆಂದರೆ ಪದ್ಯವನ್ನೇ ಓದಿಲ್ಲವೆಂದರ್ಥ; ತಿದ್ದಲಿ, ಇಲ್ಲವೇ ಮುಂದಿನ ವರ್ಷ ಬರಲಿ ಎಂದರು. ನಾನು ಕೈಕಟ್ಟಿ ‘ಹೌದು ಸಾರ್’ ಎಂದೆ.

ಹಾಲೇಶನನ್ನು ಬಸ್ ಸ್ಟ್ಯಾಂಡಿನ ಹೋಟೆಲಿಗೆ ಕರೆದೊಯ್ದು ಚಹಾ ಕೊಡಿಸಿದೆ. ಒಂದು ಸಾಲು ಬದಲಿಸು, ಜಗಳೂರು ಸೇರಿಕೋ, ನನಗೂ ಒಂದು ಭಾನುವಾರ ನಿದ್ದೆ ಸಿಗಲಿ ಎಂದು ಕೇಳಿಕೊಂಡೆ.

“ಹೆಂಗೆ ಬರೀಲಿ ಸಾರ್? ನಮ್ಮವ್ವ ದಿನಾ ಬೆಳಿಗ್ಗೆ ಮೀನಿನ ಕರುಳು ತೆಗಿಯಾಕೆ ಕುಂತ್ಕಂತಾಳೆ. ಆ ವಾಸನೆ ಬಂದ್ರೆ ನಂಗೆ ಹಸಿವಾಗ್ತೈತೆ. ನಿಮ್ಮ ಲೆಕ್ಕದಾಗೆ ಅದು ಬೀಭತ್ಸ ಅಲ್ಲ, ಊಟದ ಗಂಟೆ.”

“ಮೀನು ಬೇರೆ, ಮನುಷ್ಯ ಬೇರೆ ಮಾರಾಯ.”

“ಅದಕ್ಕೇ ದುಃಖ ಆತು ಅಂತ ಬರ್ದೀನಲ್ಲ.”

ನಾನು ಇನ್ನೊಂದು ಚಹಾ ಹೇಳಿದೆ.

ಹಾಲೇಶ ತಿದ್ದಲಿಲ್ಲ; ಹೇಗೂ ಫೇಲಾಗುತ್ತಾನೆಂದು ಸಂಯೋಜಕರು ಗೆರೆ ಎಳೆದ ಪುಟವನ್ನು ಹಾಗೆಯೇ ಮೌಖಿಕ ಪರೀಕ್ಷೆಗೆ ಬಿಟ್ಟರು. ಹೊರಗಿನಿಂದ ಬಂದ ಪರೀಕ್ಷಕರು ವಯಸ್ಸಾದ ಮೇಡಂ. ಎರಡು ಬಸ್ಸು ಬದಲಿಸಿ ಬಂದಿದ್ದರು. ಊದಿದ ಕಾಲನ್ನು ಚಪ್ಪಲಿಯಿಂದ ಬಿಡಿಸಿ ಮೇಜಿನ ಕೆಳಗೆ ಚಾಚಿದ್ದರು. ಸಂಯೋಜಕರು ಕನ್ನಡಕದ ಮೇಲಿಂದ ನೋಡಿ ‘ಇದು ಶಾಸ್ತ್ರಸಮ್ಮತವೇ?’ ಎಂದು ಶುರು ಮಾಡಿದರು. ಎಲ್ಲ ನನ್ನ ಅಣಕದ ಹಾಗೇ ಇತ್ತು, ತುಟಿ ಕಚ್ಚಿಕೊಂಡೆ. ಮೇಡಂ ಆ ಪುಟವನ್ನು ಎರಡು ಸಲ ಓದಿದರು.

“ಹಾಗಾದ್ರೆ ನಿಮಗೆ ಊಟ ಸೇರದ ದಿನವೇ ಇಲ್ಲವೇನ್ರಿ?”

ಹಾಲೇಶ ಕಿಟಕಿಯ ಕಡೆ ನೋಡಿದ.

“ಒಂದಿನ ಐತೆ ಮೇಡಂ. ಇದೇ ರೂಮು. ನಾನು ಬೋರ್ಡ್ ಮೇಲೆ ಬರ್ದು ವಾಪಸ್ ಬರೋದ್ರಾಗೆ, ನಾನು ಕುಂತಿದ್ದ ಜಾಗನ ಒಬ್ರು ಕರ್ಚೀಫಿಂದ ಒರೆಸಿ ಕುಂತಿದ್ರು. ಕರ್ಚೀಫು ಕಿಟಕಿ ಆಚೆ ಒದರಿದ್ರು. ಅವ್ವ ಕಟ್ಟಿದ ಬುತ್ತಿ ಅವತ್ತು ಹಂಗೇ ಮನೆಗೆ ಒಯ್ದೆ.”

ಯಾರೆಂದು ಮೇಡಂ ಕೇಳಲಿಲ್ಲ, ಅವನೂ ಹೇಳಲಿಲ್ಲ. ನಾನು ಕೇಳಬೇಕಾಗಿಯೇ ಇರಲಿಲ್ಲ.

“ಅದು ಪಠ್ಯದಲ್ಲಿಲ್ಲವಲ್ಲ” ಎಂದರು ಸಂಯೋಜಕರು, ಈ ಸಲ ಮೆಲ್ಲಗೆ.

“ಪ್ರಬಂಧದಲ್ಲಿರಲಿ” ಎಂದು ಮೇಡಂ ಹಾಳೆ ಕೊಟ್ಟರು. ಹಾಲೇಶ ಅದೇ ಬೆಂಚಿನಲ್ಲಿ ಕೂತು ಅರ್ಧ ಪುಟ ಬರೆದು, ಕೆಂಪು ಗೆರೆಯ ಪುಟದ ಹಿಂದೆ ಸೇರಿಸಿದ. ಮೇಡಂ ಪಾಸು ಮಾಡಿ ಸಹಿ ಹಾಕಿ, ಚಪ್ಪಲಿ ಹುಡುಕಿ, ಬಸ್ಸಿಗೆ ಹೊರಟರು. ಜೂನ್‌ನಲ್ಲಿ ಹಾಲೇಶ ಜಗಳೂರು ಸೇರಿದ. ನ್ಯಾಮತಿಯ ಮೇಷ್ಟ್ರೂ ಪಾಸಾದರು. ಬೀಭತ್ಸದಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ ಅವರದೇ.

ಐದು ವರ್ಷವಾಯಿತು. ನಾನು ಇನ್ನೂ ಅರೆಕಾಲಿಕ. ಪೀರಿಯಡ್ಡೂ ಅದೇ, ವಿಷಯವೂ ಅದೇ. ಊಟ ಸೇರಬಾರದು ಎಂದೇ ಈಗಲೂ ಹೇಳಿಕೊಡುತ್ತೇನೆ. ಆದರೆ ಪಾಠವನ್ನು ಪದ್ಯದಿಂದ ಶುರು ಮಾಡುವುದಿಲ್ಲ. ನಿಮಗೆ ಊಟ ಸೇರದ ದಿನ ಯಾವುದು, ಬರೆಯಿರಿ ಎನ್ನುತ್ತೇನೆ. ಅವರು ಬರೆಯುವಷ್ಟು ಹೊತ್ತು ನರಿಗೂ ಹದ್ದಿಗೂ ರಜೆ ಕೊಟ್ಟು ಸುಮ್ಮನೆ ಕೂರುತ್ತೇನೆ. ಇಲ್ಲಿಯವರೆಗೆ ಒಬ್ಬರೂ ರಣರಂಗದ ಬಗ್ಗೆ ಬರೆದಿಲ್ಲ.