ಕಲಕಬಾರದ ಕಾಫಿ

ನಮ್ಮ ಯಜಮಾನರಿಗೂ ನಮ್ಮಪ್ಪನಿಗೂ ಜಗಳ ಆಗಿರಲಿಲ್ಲ. ಆಗಿದ್ದರೆ ಎಷ್ಟೋ ಚೆನ್ನಾಗಿತ್ತು, ಯಾರಾದರೂ ಹಿರಿಯರು ಕೂತು ರಾಜಿ ಮಾಡಿಸುತ್ತಿದ್ದರು. ಆಗಿದ್ದು ಇಷ್ಟೇ. ನಮ್ಮ ಮದುವೆಯ ಬೀಗರೂಟದ ದಿನ ಶಾಮಿಯಾನದ ಹಿಂದೆ, ಹುಲ್ಲಿನ ಮೆದೆಯ ಮರೆಗೆ ಯಜಮಾನರು ಗ್ಲಾಸು ಹಿಡಿದು ಒಂದು ಕಡೆಯಿಂದ ಹೋದರು, ಅಪ್ಪ ಗ್ಲಾಸು ಹಿಡಿದು ಇನ್ನೊಂದು ಕಡೆಯಿಂದ ಬಂದ. ನಮ್ಮ ಕಡೆ ಗಂಡಸರು ಕುಡಿಯುವುದು ಊರಿಗೆಲ್ಲ ಗೊತ್ತಿರುತ್ತದೆ. ಆದರೆ ಮಾವ, ಅಳಿಯ ಒಬ್ಬರ ಕಣ್ಣಿಗೊಬ್ಬರು ಬೀಳುವುದುಂಟೇ? ಅವತ್ತಿನಿಂದ ಇಬ್ಬರಿಗೂ ಮುಖ ಕೊಟ್ಟು ಮಾತಾಡಲು ನಾಚಿಕೆ.

ಆಮೇಲೆ ವರ್ಷಗಟ್ಟಲೆ ಇದೇ ಪಾಡು. ಹೊಂಗನೂರಿನ ತವರಿಗೆ ಹೋದರೆ ಇಬ್ಬರೂ ಒಂದೇ ಪಡಸಾಲೆಯಲ್ಲಿ ಕೂರುವರು. “ಅವ್ರಿಗೆ ಇನ್ನರ್ಧ ಮುದ್ದೆ ಬೇಕಾ ಕೇಳವ್ವ” ಎಂದು ಅಪ್ಪ ನನಗೆ ಹೇಳುವುದು. “ಸಾಕಂತೆ ಅಂತ ಹೇಳು” ಎಂದು ಇವರೂ ನನಗೇ ಹೇಳುವುದು. ನಡುವೆ ನಾನೊಬ್ಬಳು ಅಂಚೆಯವಳು. ಇಬ್ಬರೂ ಹರಟೆಗೆ ಕೂತರೆ ಹೊತ್ತು ಹೋಗಿದ್ದೇ ಗೊತ್ತಾಗದಂಥ ಮಾತುಗಾರರು. ಅವರಿಬ್ಬರೂ ಒಟ್ಟಿಗೆ ಹರಟುವುದನ್ನು ಒಮ್ಮೆಯಾದರೂ ಕೇಳಬೇಕೆಂದು ನನಗೆ ಎಷ್ಟು ಆಸೆಯಿತ್ತೋ, ಅವರ ಬಿಗುಮಾನದ ಮೇಲೆ ಅಷ್ಟೇ ಸಿಟ್ಟಿತ್ತು.

ಆಗ ನಾವು ರಾಮನಗರದಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ಯಜಮಾನರಿಗೆ ಬಿಡದಿಯ ಕಾರ್ಖಾನೆಯಲ್ಲಿ ಕೆಲಸ. ಅಲ್ಲಿದ್ದ ಪರದೇಶದ ಎಂಜಿನಿಯರೊಬ್ಬರು ತಮ್ಮೂರಿಗೆ ಹೊರಟಾಗ ಇವರಿಗೆ ಎರಡು ಬಾಟಲಿ ಕೊಟ್ಟು ಹೋದರು. ಒಂದರಲ್ಲಿ ಡಿಕಾಕ್ಷನ್ನಿನಷ್ಟು ಕಪ್ಪಗಿದ್ದ ಕಾಫಿಯ ಮದ್ಯ, ಇನ್ನೊಂದರಲ್ಲಿ ಕೆನೆ ಹಾಕಿ ಮಾಡಿದ ಮದ್ಯ. ಕೆಳಗೆ ಕಪ್ಪು, ಮೇಲೆ ಬಿಳುಪು, ಎರಡೂ ಬೆರೆಯದಂತೆ ಗ್ಲಾಸಿಗೆ ಹುಯ್ಯುವುದನ್ನೂ ಕಲಿಸಿದ್ದರಂತೆ.

ಕಲಿತವರ ಕೈ ನೋಡಬೇಕಿತ್ತು! ಭಾನುವಾರ ಸಂಜೆ ಬೈ-ಟೂ ಟೀ ಗ್ಲಾಸುಗಳನ್ನು ಸಾಲಾಗಿಟ್ಟುಕೊಂಡು ಕೂತರು. ಮೊದಲನೆಯದರಲ್ಲಿ ಕೆನೆ ಮೊದಲು ಹುಯ್ದರು, ಕಾಫಿ ಅದನ್ನು ಸೀಳಿಕೊಂಡು ಇಳಿದು ಎರಡೂ ರಾಡಿಯಾಯಿತು. ಎರಡನೆಯದಕ್ಕೆ ದಡಕ್ಕನೆ ಸುರಿದು ಎರಡನ್ನೂ ಕಲಸುಮೇಲೋಗರ ಮಾಡಿದರು. ನನಗೆ ತಡೆಯಲಾಗಲಿಲ್ಲ. “ಬಿಡ್ರಿ, ಹಸುವಿಗೆ ಕಲಗಚ್ಚು ಹುಯ್ತಿದ್ದೀರಾ?” ಎಂದು ಚಮಚ ಕಿತ್ತುಕೊಂಡೆ. ಮೂರನೆಯ ಗ್ಲಾಸಿಗೆ ಮೊದಲು ಕಾಫಿ ಹುಯ್ದು, ಚಮಚವನ್ನು ಬೋರಲು ಮಾಡಿ ಒಳಬದಿಗೆ ಆನಿಸಿ, ದೋಸೆಯ ಅಂಚಿಗೆ ಎಣ್ಣೆ ಬಿಡುವ ಹಾಗೆ ಕೆನೆಯನ್ನು ಸಣ್ಣಗೆ ಬಿಟ್ಟೆ. ಅದು ಕಪ್ಪಿನ ಮೇಲೆ ಮೆತ್ತಗೆ ಕೂತಿತು. ಯಜಮಾನರು ಉಸಿರು ಬಿಗಿಹಿಡಿದು ಗ್ಲಾಸನ್ನು ದೀಪಕ್ಕೆ ಎತ್ತಿ ಹಿಡಿದರು.

ಅಷ್ಟರಲ್ಲಿ ಬಾಗಿಲಲ್ಲಿ ಅಪ್ಪ! ಹೆಗಲ ಮೇಲೆ ಅವರೆಕಾಯಿ ಚೀಲ. ಹೇಳದೆ ಕೇಳದೆ ಬಸ್ಸು ಹತ್ತಿ ಬಂದಿದ್ದ. ಯಜಮಾನರು ಗ್ಲಾಸು ಹಿಡಿದ ಭಂಗಿಯಲ್ಲೇ ನಿಂತುಬಿಟ್ಟರು.

“ಏನವ್ವ ಅದು?” ಅಪ್ಪ ನನ್ನನ್ನು ಕೇಳಿದ.

“ಕಾಪಿ ಕಣಪ್ಪ” ಎಂದೆ. ಪೂರಾ ಸುಳ್ಳೇನಲ್ಲ.

ಅಪ್ಪನ ಮೂಗು ಅಷ್ಟು ಮೊಂಡಲ್ಲ. ಮನೆಯೆಲ್ಲ ಘಂ ಎನ್ನುತ್ತಿತ್ತು. ಚೀಲ ಇಳಿಸಿ, ಬಾಟಲಿಗಳನ್ನು ನೋಡಿಯೂ ನೋಡದವನಂತೆ ಚಾಪೆಯ ಮೇಲೆ ಕೂತ. “ಕಾಪಿ ಆದ್ರೆ ನಂಗೂ ಒಸಿ ಕೊಡು ಮತ್ತೆ.”

ಯಜಮಾನರ ಕೈಯಿಂದ ಗ್ಲಾಸು ಈಸಿಕೊಂಡು ಅಪ್ಪನ ಮುಂದಿಟ್ಟೆ. ಅಪ್ಪ ಮೊದಲು ಅಭ್ಯಾಸಬಲದಿಂದ ಉಫ್ ಎಂದು ಊದಿದ. ಆಮೇಲೆ ಸಕ್ಕರೆ ತಳದಲ್ಲಿ ಕೂತಿರುತ್ತದೆಂದು ಚಮಚ ಎತ್ತಿಕೊಂಡು ಕಲಕಲು ಹೋದ.

“ಕಲಕ್‌ಬ್ಯಾಡಿ ಮಾವ!”

ಕಿರುಚಿದ್ದು ಯಜಮಾನರು. ಬೀಗರೂಟವಾದ ಮೇಲೆ ಅವರು ಅಪ್ಪನಿಗೆ ನೇರವಾಗಿ ಆಡಿದ ಮೊದಲ ಮಾತು ಅದು. ಅದೂ ಗದರಿಕೆ! ಅಪ್ಪ ಚಮಚವನ್ನು ಗಾಳಿಯಲ್ಲೇ ಹಿಡಿದು ಅಳಿಯನನ್ನು ನೋಡಿದ. ನನ್ನನ್ನಲ್ಲ, ಅಳಿಯನನ್ನು.

“ಮತ್ತೆ ಹೆಂಗ್ ಕುಡೀಬೇಕು ಅಳಿಯಂದ್ರೇ?”

“ಒಂದೇ ಗುಟುಕಿಗೆ, ಮಾವ. ಮೊದ್ಲು ಕೆನೆ ಬತ್ತದೆ, ಅದ್ರ ಹಿಂದೇನೇ ಕಾಪಿ.”

ಅಪ್ಪ ಕಣ್ಣು ಮುಚ್ಚಿ ಎತ್ತಿದ. ಮೀಸೆಗೆ ಅಂಟಿದ ಕೆನೆಯನ್ನು ಒರೆಸಿಕೊಂಡ. “ಒಳ್ಳೆ ಕಾಪಿ. ಸಿಹಿ ಒಂಚೂರು ಜಾಸ್ತಿ ಆಯ್ತು” ಎಂದ. ಯಜಮಾನರು ಫಕ್ಕನೆ ನಕ್ಕರು, ಅಪ್ಪನೂ ನಕ್ಕ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ಯಾವುದಕ್ಕೆ ನಗುತ್ತಿದ್ದಾರೆಂದು ನನಗೆ ಗೊತ್ತಿತ್ತು. ಹುಲ್ಲಿನ ಮೆದೆಯ ಮಾತು ಮಾತ್ರ ಯಾರೂ ಎತ್ತಲಿಲ್ಲ.

ನಾನು ಅಡುಗೆಮನೆಗೆ ಹೋಗಿ ಅವರೆಕಾಳಿನ ಸಾರಿಗಿಟ್ಟು ಮುದ್ದೆ ತಿರುವಿದೆ. ಹೊರಗಡೆ ಅಪ್ಪ ತಾನೇ ಹುಯ್ಯಲು ಕೂತಿದ್ದ. “ಥತ್, ಬೆರ್ತೋಯ್ತು. ಇನ್ನೊಂದ್ ನೋಡಾನ ತಡೀರಿ” ಎನ್ನುತ್ತಿದ್ದ. ಯಜಮಾನರು ನನ್ನಿಂದ ಕಲಿತದ್ದನ್ನೇ ತಮ್ಮ ವಿದ್ಯೆಯೆಂಬಂತೆ ಹೇಳಿಕೊಡುತ್ತಿದ್ದರು. ಮಾತು ಅಲ್ಲಿಂದ ಕಾರ್ಖಾನೆಗೆ, ಕಾರ್ಖಾನೆಯಿಂದ ರೇಷ್ಮೆಹುಳಕ್ಕೆ ಹಾರಿತು. ಯಾರೂ ನನ್ನನ್ನು ಏನನ್ನೂ ಕೇಳಲಿಲ್ಲ. ಸೌಟು ಹಿಡಿದು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ. ಖುಷಿಗೆ ಕಣ್ಣು ತುಂಬಿ ಬಂತು.

ಮುದ್ದೆ ಆರುತ್ತಿತ್ತು. ಬಿಸಿ ಮುದ್ದೆ ಇಲ್ಲದಿದ್ದರೆ ಅಪ್ಪ ತಟ್ಟೆ ಮುಟ್ಟುವವನಲ್ಲ. ಆದರೂ ನಾನು ಊಟಕ್ಕೆ ಕರೆಯಲಿಲ್ಲ.