ಮಗುಚದೆ ಉಳಿದ ಚರ್ಚೆ

ಸೂಳೆಕೆರೆ ಏರಿ ದಾಟಿ ಬರುವ ಎಂಟೂವರೆ ಬಸ್ಸಿನಿಂದ ತಗಡಿನ ಬಳೆ ಡಬ್ಬಿ ಹಿಡಿದು ಒಬ್ಬರು ಇಳಿಯುತ್ತಾರಲ್ಲ, ಅವರ ಕಥೆ ಇದು. ಹೆಸರು ಮೆಹರಾಜ್ ಬೇಗಂ, ಊರು ಕೆರೆಬಿಳಚಿ. ಅಪ್ಪ ನಬೀಸಾಬ್ ಸಂತೆಯಿಂದ ಸಂತೆಗೆ ಹೋಗಿ ಬಳೆ ತೊಡಿಸಿದವರು. ಮಗಳು ಕೆರೆಯಾಚೆಯ ಹಳ್ಳಿಯ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಅತಿಥಿ ಶಿಕ್ಷಕಿ. ಒಂಬತ್ತು ವರ್ಷದಿಂದ ಅತಿಥಿಯೇ. ಜೂನಿನಲ್ಲಿ ಕರೆಯುತ್ತಾರೆ, ಮಾರ್ಚಿನಲ್ಲಿ ಕಳಿಸುತ್ತಾರೆ.

"ಇಷ್ಟು ವರ್ಷ ಉಳ್ಕೊಂಡ ನೆಂಟ್ರನ್ನ ನಾನು ನೋಡಿಲ್ಲ ಬಿಡ್ರಿ" ಎಂದು ಗುಮಾಸ್ತ ಯರ್ರಿಸ್ವಾಮಿ ಕಿಚಾಯಿಸಿದರೆ, "ಬುತ್ತಿ ಮಾತ್ರ ನಾನೇ ತರ್ತೀನಲ್ಲಪ್ಪ" ಅನ್ನುವರು.

ಬಳೆ ಡಬ್ಬಿಯೊಳಗೆ ಬಳೆ ಇಲ್ಲ, ಚೀಟಿ. ಶುಕ್ರವಾರದ ಕೊನೇ ಪೀರಿಯಡ್ಡು ಚರ್ಚೆ. ಕೆರೆ ಒತ್ತುವರಿ, ಮೊಬೈಲಿನಲ್ಲಿ ಓಡಾಡುವ ಸುಳ್ಳು ಸುದ್ದಿ, ಕಿರಾಣಿ ಅಂಗಡಿಯಲ್ಲಿ ಸಿಗುವ ಸಾರಾಯಿ, ಹೀಗೆ ಪೇಪರಿನಲ್ಲಿ ಬರುವ ಆದರೆ ಊರಲ್ಲಿ ಯಾರೂ ಬಾಯಿಬಿಡದ ವಿಷಯಗಳು. ಯಾರು ಯಾವ ಪಕ್ಷ ಎಂಬುದನ್ನು ಚೀಟಿ ಹೇಳಬೇಕೇ ಹೊರತು ಮನಸ್ಸು ಹೇಳಬಾರದು. ಆಮೇಲೆ ಒಂದು ವಾರ ಮನೆಮನೆ ತಿರುಗಿ, ಕೇಳಿ, ಬರೆದುಕೊಂಡು ಬರಬೇಕು.

"ಫೋನಲ್ಲಿ ಬಂದೈತೆ ಟೀಚರ್" ಅಂದರೆ ಸಾಕು, "ಫೋನಿಗೆ ಯಾರು ಹೇಳಿದ್ರು? ಅವ್ರ ಮನೆ ಎಲ್ಲೈತೆ?" ಎಂದು ಹಿಡಿದುಕೊಳ್ಳುವರು.

ಇನ್ನೊಂದು ಪದ್ಧತಿ ಇತ್ತು. ಎದುರಿನವರಿಗೆ ಉತ್ತರ ಕೊಡುವ ಮೊದಲು ಅವರು ಹೇಳಿದ್ದನ್ನು ತಿರುಗಿ ಹೇಳಬೇಕು. ಅವರು "ಹೌದು, ಇದೇ ನನ್ನ ಮಾತು" ಎಂದು ತಲೆಯಾಡಿಸಿದ ಮೇಲೇ ಮುಂದಿನ ಮಾತು. ಎಲ್ಲ ಮುಗಿದ ಮೇಲೆ ಪಕ್ಷ ಅದಲುಬದಲು. ಇಷ್ಟು ಹೊತ್ತು ಹೌದು ಅಂದವನು ಈಗ ಅಲ್ಲ ಅನ್ನಬೇಕು. ಮಕ್ಕಳು ಅದಕ್ಕೆ ಮಗುಚೋದು ಅನ್ನುತ್ತಿದ್ದವು, ಹಂಚಿನ ಮೇಲೆ ರೊಟ್ಟಿ ಮಗುಚಿದ ಹಾಗೆ.

ಕಳೆದ ವರ್ಷ ಹತ್ತನೇ ಕ್ಲಾಸಿನಲ್ಲಿ ಹೇಮಾವತಿ ಅಂತ ಒಬ್ಬಳು. ಹಿಟ್ಟಿನ ಗಿರಣಿ ಶಿವಮೂರ್ತಪ್ಪನ ಮಗಳು. ಸಂತೇಬೆನ್ನೂರಿನ ಕಾಲೇಜಿಗೆ ಸೇರಬೇಕೆಂಬುದು ಅವಳ ಆಸೆ. ಆದರೆ ನ್ಯಾಮತಿಯ ಸೋದರತ್ತೆ ತನ್ನ ಮಗ ವಿನಯ್ ಕುಮಾರನಿಗೆ ಇವಳನ್ನು ತರಬೇಕೆಂದು ಎರಡು ವರ್ಷದಿಂದ ಕೇಳುತ್ತಿದ್ದಳು.

"ಅಪ್ಪ ಇನ್ನೂ ಹೂಂ ಅಂದಿಲ್ಲ ಟೀಚರ್. ಉಹೂಂ ಅಂತಾನೂ ಅಂದಿಲ್ಲ."

ಆ ಡಿಸೆಂಬರಿನಲ್ಲಿ ಮಕ್ಕಳೇ ವಿಷಯ ಆರಿಸಿದರು. ಹಿಂದಿನ ವರ್ಷ ಹತ್ತನೇ ಮುಗಿಸಿದ ಹತ್ತೊಂಬತ್ತು ಹುಡುಗಿಯರಲ್ಲಿ ಏಳು ಮಂದಿಗೆ ದೀಪಾವಳಿಯೊಳಗೆ ಮದುವೆಯಾಗಿತ್ತು. ಹದಿನಾರಕ್ಕೇ ಯಾಕೆ ಮದುವೆ? ಹೇಮಾವತಿ ಡಬ್ಬಿಗೆ ಕೈ ಹಾಕಿದಳು. ಮದುವೆ ಮಾಡುವವರ ಪರ ಬಂತು.

"ಇನ್ನೊಂದ್ಸಲ ಎತ್ಲಾ ಟೀಚರ್?"

"ಎತ್ತಿದ್ದು ಎತ್ತಿದ್ದೇ. ನಿನಗೆ ಬ್ಯಾಡಾದ ಮಾತಲ್ವಾ? ಅದಕ್ಕೇ ನೀನೇ ಹೋಗಿ ಕೇಳ್ಕೊಂಡು ಬರ್ಬೇಕು."

ಹೋದಳು. ಇಪ್ಪತ್ತೊಂದು ಮನೆ. ಕೆಲವರು ಬೈದರು, ಕೆಲವರು ಮಂಡಕ್ಕಿ ಕೊಟ್ಟು ಕೂರಿಸಿ ಹೇಳಿದರು. ಎಲ್ಲವೂ ನೋಟ್‌ಬುಕ್ಕಿನಲ್ಲಿ, ಹೆಸರು, ತಾರೀಖು ಸಮೇತ.

ಜನವರಿಯಲ್ಲಿ ಪೋಷಕರ ದಿನ. ಶಾಮಿಯಾನದ ಕೆಳಗೆ ಊರೇ ಕೂತಿತ್ತು, ಹಿಂದಿನ ಸಾಲಿನಲ್ಲಿ ತಲೆತುಂಬ ಹಿಟ್ಟಿನ ಧೂಳಿನ ಶಿವಮೂರ್ತಪ್ಪನೂ. ಎದುರು ಪಕ್ಷದ ಶರಣು ಕಾನೂನು ಹೇಳಿದ, ಆರೋಗ್ಯ ಹೇಳಿದ. ಹೇಮಾವತಿ ಅದನ್ನು ಒಂದಕ್ಷರ ಬಿಡದೆ ತಿರುಗಿ ಹೇಳಿ, ಅವನು ತಲೆಯಾಡಿಸಿದ ಮೇಲೆ ಶುರುಮಾಡಿದಳು.

"ಕಾಲೇಜು ಬಿಡೋದು ನಾಕೂವರೆಗೆ. ನಮ್ಮೂರಿಗೆ ಕೊನೇ ಬಸ್ಸು ನಾಕಕ್ಕೆ. ಬೇರೆ ಬಸ್ಸು ಹತ್ತಿ ಕ್ರಾಸಲ್ಲಿ ಇಳಿದ್ರೆ ಮೂರು ಕಿಲೋಮೀಟ್ರು ನಡೀಬೇಕು. ಆ ದಾರೀಲಿ ಕುಡಿಯೋರು ಕೂತಿರ್ತಾರೆ. ಹೋದ ವರ್ಷ ನಡ್ಕೊಂಡು ಬರ್ತಿದ್ದ ಮೂರು ಹುಡುಗೀರು ಕಾಲೇಜು ಬಿಟ್ರು. ಬಿಟ್ಟಿದ್ದು ಯಾಕಂತ ಅವ್ರ ಮನೇಲೇ ಕೇಳಿ ಬರ್ಕೊಂಡಿದೀನಿ. ಅಪ್ಪ ಅಮ್ಮ ಇಬ್ರೂ ದುಡಿಯಾಕೆ ಹೋಗಿರ್ತಾರೆ. ಹದಿನೆಂಟು ತುಂಬೋವರ್ಗೂ ಕಾಯ್ರಿ ಅಂತೀರಲ್ಲ, ಕ್ರಾಸಿಂದ ಅವಳ ಜತೆ ಯಾರು ನಡೀತೀರಿ?"

ಶರಣು ಹಾಳೆ ತಿರುವಿದ. ಮತ್ತೆ ಮೊದಲಿನಿಂದ ತಿರುವಿದ. ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು, ಗಂಡಸರು ಚಪ್ಪಾಳೆ ತಟ್ಟಿದರು.

ಇನ್ನು ಮಗುಚಬೇಕು. ಆದರೆ ಮುಖ್ಯ ಅತಿಥಿ ಬಂದದ್ದೇ ತಡವಾಗಿತ್ತು. ಹೆಡ್‌ಮಾಸ್ತರು ಬಗ್ಗಿ ಕಿವಿಯಲ್ಲಿ, "ಅದೊಂದು ಸೋಮವಾರ ಕ್ಲಾಸಲ್ಲಿ ಮಾಡ್ಕೊಳ್ರಿ ಟೀಚರ್, ಪಾಯಸ ಆರ್ತೈತೆ" ಅಂದರು. ಟೀಚರು ಒಂದು ಗಳಿಗೆ ನಿಂತರು. ಆಮೇಲೆ ಕೂತರು. ಹೇಮಾವತಿಗೆ ಸ್ಟೀಲ್ ತಟ್ಟೆ ಬಹುಮಾನ ಬಂತು.

ಸೋಮವಾರ ಹೇಮಾವತಿ ಸ್ಕೂಲಿಗೆ ಬರಲಿಲ್ಲ. ಮಂಗಳವಾರವೂ ಇಲ್ಲ. ಟೀಚರು ಗಿರಣಿಗೇ ಹೋದರು.

ಶಿವಮೂರ್ತಪ್ಪ ಬೆಲ್ಟು ನಿಲ್ಲಿಸಿ, ಸ್ಟೂಲು ಒರೆಸಿ ಕೂರಿಸಿದ. "ಬರ್ರಿ ಟೀಚರಮ್ಮ. ನೀವೇ ಬಂದ್ರಿ, ಒಳ್ಳೇದಾತು. ಎರಡು ವರ್ಷದಿಂದ ಏನೂ ತಿಳೀದೆ ಒದ್ದಾಡ್ತಿದ್ದೆ. ಮಗಳೇ ಬಿಡಿಸಿ ಹೇಳಿದ್ಲು. ತಂಗಿಗೆ ಹೂಂ ಅಂದ್ಬಿಟ್ಟೆ."

"ಅದು ಅವಳ ಮಾತಲ್ಲ ಅಣ್ಣಾರೆ. ಚೀಟೀಲಿ ಬಂದ ಪಕ್ಷ."

"ಪಕ್ಷ ಚೀಟೀದು, ಒಪ್ತೀನಿ. ಬಸ್ಸು ಇಲ್ದಿದ್ದು ಚೀಟೀದಾ? ಕುಡಿಯೋರು ಚೀಟೀಲಿ ಕೂತವ್ರಾ?" ನೋಟ್‌ಬುಕ್ಕು ಹಿಟ್ಟಿನ ಮೂಟೆ ಮೇಲಿತ್ತು. ಎತ್ತಿಕೊಂಡ. "ನೀವೇ ಹೇಳ್ಕೊಟ್ಟಿದ್ದು, ಕಂಡಿದ್ದು ಕೇಳಿದ್ದು ಮಾತ್ರ ಬರೀರಿ ಅಂತ. ಇದ್ರಲ್ಲಿ ಸುಳ್ಳು ಯಾವ್ದು ತೋರ್ಸ್ರಿ, ಈಗ್ಲೇ ಫೋನ್ ಮಾಡಿ ಬ್ಯಾಡ ಅಂತೀನಿ."

ವ್ಯಂಗ್ಯವಿರಲಿಲ್ಲ ಅವನ ಮಾತಿನಲ್ಲಿ. ಯಾರಾದರೂ ತೋರಿಸಲಿ ಎಂದು ಕಾಯುವವನಂತೆ ಪುಸ್ತಕ ಮುಂದೆ ಹಿಡಿದಿದ್ದ.

ಹೇಮಾವತಿ ಚಾ ತಂದಳು.

"ಹೇಮಾ, ಮಗುಚೋದು ಬಾಕಿ ಐತಲ್ಲ. ಈಗ ಮಾಡವ್ವ. ಅಪ್ಪನ ಮುಂದೇನೇ."

ಅವಳು ಲೋಟ ಇಟ್ಟು ನೆಟ್ಟಗೆ ನಿಂತಳು. ಪದ್ಧತಿಯಂತೆ ಅಪ್ಪನ ಮಾತನ್ನು ಮೊದಲು ಹೇಳಿದಳು. ಬಸ್ಸು, ಕ್ರಾಸು, ಮೂರು ಕಿಲೋಮೀಟರು, ದಿನವಿಡೀ ಗಿರಣಿಯಲ್ಲೇ ಇರಬೇಕಾದ ಅಪ್ಪ. ಅವನು ತಲೆಯಾಡಿಸಿದ. ಅವಳು ಬಾಯಿ ತೆರೆದಳು.

ಮೂಲೆಯಲ್ಲಿ ಜೋಳದ ಚೀಲ ಇಟ್ಟುಕೊಂಡು ಕೂತ ಹೆಂಗಸೂ ಕಾಯುತ್ತಿದ್ದಳು.

"ಟೀಚರ್, ನಾನು ಓದ್ಬೇಕು. ಅದು ನನ್ನ ಆಸೆ. ಆಸೆ ಉತ್ತರ ಅಲ್ಲ ಅಂತ ನೀವೇ ಹೇಳ್ತಿದ್ರಿ. ಆ ಬಸ್ಸಿಗೆ ಉತ್ತರ ನಂಗೆ ಸಿಕ್ಕಿಲ್ಲ."

ಮೆಹರಾಜ್ ಟೀಚರಿಗೂ ಸಿಗಲಿಲ್ಲ. "ಕೆರೆಬಿಳಚಿಗೆ ಸಂಜೆ ಬಸ್ಸೈತೆ, ನಮ್ಮನೇಲಿ ಇರ್ಲಿ" ಅಂದರು. ಶಿವಮೂರ್ತಪ್ಪ ಕೈಮುಗಿದು, "ದೊಡ್ಡ ಮಾತು. ಆದ್ರೆ ಊರು ಸುಮ್ನಿರಾಕಿಲ್ಲ, ನಿಮ್ಮನ್ನೂ ಬಿಡಾಕಿಲ್ಲ" ಅಂದ. ಅದೂ ನಿಜವೇ. ಮಕ್ಕಳ ಸಹಿ ಹಾಕಿಸಿ ಸಂಜೆ ಬಸ್ಸಿಗೆ ಅರ್ಜಿ ಕೊಟ್ಟರು. ಕೊನೆಗೆ ಮಕ್ಕಳ ಸಹಾಯವಾಣಿಗೂ ಫೋನ್ ಮಾಡಿದರು. ಅಧಿಕಾರಿಗಳ ಜೀಪು ಬಂತು, ಹದಿನೆಂಟರವರೆಗೆ ಮದುವೆ ಮಾಡುವುದಿಲ್ಲ ಎಂದು ಮುಚ್ಚಳಿಕೆ ಬರೆಸಿಕೊಂಡು ಹೋಯಿತು. ಪರೀಕ್ಷೆ ಮುಗಿದ ಎರಡನೇ ವಾರ ಹೊನ್ನಾಳಿಯಾಚೆ ಯಾವುದೋ ಗುಡಿಯಲ್ಲಿ ಧಾರೆಯಾಯಿತು. ಗಿರಣಿಗೆ ಬರುವವರೆಲ್ಲ ಟೀಚರನ್ನು ಕಂಡರೆ ಮಾತು ನಿಲ್ಲಿಸತೊಡಗಿದರು.

ಜೂನಿನಲ್ಲಿ ಮತ್ತೆ ಕರೆದರು, ಟೀಚರು ಹೋದರು. ಈಗ ಯಾವ ಪಕ್ಷ ಬೇಕೋ ಮಕ್ಕಳೇ ಆರಿಸಿಕೊಳ್ಳಲಿ ಎಂದರು. ಎಲ್ಲರೂ ಒಂದೇ ಪಕ್ಷಕ್ಕೆ ಕೈಯೆತ್ತಿದರು. ಮಾತಾಡಲು ಏನೂ ಉಳಿಯಲಿಲ್ಲ. ಡಬ್ಬಿ ಮಾತ್ರ ಅಭ್ಯಾಸದಿಂದ ಕೈಯಲ್ಲಿ ಬರುತ್ತದೆ.

ಶ್ರಾವಣದಲ್ಲಿ ಸಂತೇಬೆನ್ನೂರಿನ ಸಂತೆಯಲ್ಲಿ ಹೇಮಾವತಿ ಸಿಕ್ಕಳು. ಅತ್ತೆ ಬದನೆಕಾಯಿ ಆರಿಸುತ್ತಿದ್ದಳು. ಇವಳು ಚೀಲ ಹಿಡಿದು ನಿಂತಿದ್ದಳು.

"ಆರಾಮಿದೀಯೇನವ್ವ?"

"ಹೂಂ ಟೀಚರ್." ಚೀಲ ಕೈ ಬದಲಾಯಿಸಿದಳು. "ನಮ್ಮೂರಿಗೆ ಸಂಜೆ ಬಸ್ಸು ಬಂತಾ?"

"ಇಲ್ಲ."

"ಹಂಗಾದ್ರೆ ಇನ್ನೂ ನಾನೇ ಗೆದ್ದಿದೀನಿ" ಅಂದಳು. ನಗಲಿಲ್ಲ. ಅತ್ತೆ ಕರೆದಳು, ಹೋದಳು.