ವಿಭೂತಿ ಧರಿಸಿದ ಗ್ರಾಫಿಕ್ಸ್ ಕಾರ್ಡು

ಚಾಮರಾಜಪುರಂನ ಏಕಾಂತಯ್ಯನವರು ಇಂದಿನವರೆಗೂ ವಿಮಾನದ ಮೆಟ್ಟಿಲು ಹತ್ತಿದವರಲ್ಲ. ಆದರೂ ತಮ್ಮ ಬೀದಿಯ ಹಿರಿಯರನ್ನು ಕಾಶಿಗೆ, ಶ್ರೀಶೈಲಕ್ಕೆ, ಸೋಮನಾಥಕ್ಕೆ ವಿಮಾನದಲ್ಲಿ ಕರೆದೊಯ್ದು, ಕ್ಷೇಮವಾಗಿ ಮರಳಿ ಕರೆತಂದ ಪುಣ್ಯ ಅವರದು. ಅವರ ಮನೆಯ ನಡುಕೋಣೆಯಲ್ಲೊಂದು ಕಂಪ್ಯೂಟರ್ ಇದೆ. ಅದರಲ್ಲಿ ವಿಮಾನ ಹಾರಿಸುವ ಆಟವೊಂದಿದೆ. ಭಗವಂತನು ಸೃಷ್ಟಿಸಿದ ಬೆಟ್ಟ, ನದಿ, ಕಡಲುಗಳೆಲ್ಲ ಆ ಆಟದೊಳಗೆ ಇದ್ದಲ್ಲಿಯೇ ಇದ್ದ ಹಾಗೆ ಕಾಣಿಸುತ್ತವೆ.

ಈ ಹುಚ್ಚು ಅವರಿಗೆ ಹಿಡಿದದ್ದು ರಸ್ತೆಯ ಮೇಲೆ. ಕಡಕೊಳದ ಊದುಬತ್ತಿ ಕಾರ್ಖಾನೆಯೊಂದರಲ್ಲಿ ಅವರು ಉಗ್ರಾಣದ ಮೇಲ್ವಿಚಾರಕರು. ದಿನವೂ ಸ್ಕೂಟರಿನಲ್ಲಿ ಮಂಡಕಳ್ಳಿ ವಿಮಾನ ನಿಲ್ದಾಣದ ಬೇಲಿಯ ಪಕ್ಕದಲ್ಲೇ ಹಾದು ಹೋಗಬೇಕು. ಮೇಲೇಳುವ ವಿಮಾನ ಕಣ್ಣಿಗೆ ಬಿದ್ದರೆ ಗಾಡಿ ನಿಲ್ಲಿಸಿ, ಹೆಲ್ಮೆಟ್ ತೆಗೆದು, ಅದು ಮೋಡದಲ್ಲಿ ಮರೆಯಾಗುವ ತನಕ ನಿಂತುಬಿಡುತ್ತಿದ್ದರು. ಹೀಗೆ ನಿಂತು ನಿಂತು ಕೆಲಸಕ್ಕೆ ತಡವಾಗತೊಡಗಿದಾಗ, ಮನೆಯಲ್ಲೇ ಹಾರುವುದು ಕ್ಷೇಮವೆಂದು ಕಂಪ್ಯೂಟರ್ ಕೊಂಡರು.

ಸೋಮವಾರದ ಸಂಜೆಯೆಂದರೆ ಯಾತ್ರೆ. ಪ್ಲಾಸ್ಟಿಕ್ ಕುರ್ಚಿಗಳು ಎರಡು ಸಾಲಾಗಿ ನಿಲ್ಲುತ್ತವೆ. ಏಕಾಂತಯ್ಯನವರು ಹಣೆಗೆ ವಿಭೂತಿ ಧರಿಸಿ, ಶಿವನಾಮ ನುಡಿದು, ಮಂಡಕಳ್ಳಿಯಿಂದಲೇ ವಿಮಾನವನ್ನು ಮೇಲಕ್ಕೆತ್ತುತ್ತಾರೆ. ಚಾಮುಂಡಿ ಬೆಟ್ಟಕ್ಕೊಂದು ಸುತ್ತು ಹಾಕಿ, ಅಲ್ಲಿಂದ ಗುಂಡಿಯೊಂದನ್ನು ಒತ್ತಿ ಕ್ಷೇತ್ರದ ಸಮೀಪಕ್ಕೆ ನೆಗೆಯುತ್ತಾರೆ. ಅವರ ಧರ್ಮಪತ್ನಿ ಬಸಮ್ಮನವರು ಪ್ರಯಾಣಿಕರಿಗೆ ಕೋಸಂಬರಿ, ಪಾನಕ ಹಂಚುತ್ತಾರೆ. ವಿಮಾನ ಇಳಿಯುವ ಮುನ್ನ ಯಾರೂ ಏಳಕೂಡದು. ಒಮ್ಮೆ ಹಾಲು ಉಕ್ಕಿತೆಂದು ಸ್ವತಃ ಬಸಮ್ಮನವರು ಎದ್ದಾಗಲೂ ಏಕಾಂತಯ್ಯನವರು, "ಬೆಲ್ಟ್ ಕಣೇ, ಬೆಲ್ಟ್!" ಎಂದು ಕೂಗಿದ್ದುಂಟು.

ಪ್ರಯಾಣಿಕರಲ್ಲಿ ಮೊದಲಿಗರು ಎದುರುಮನೆಯ ನಾಗಮಣಿಯವರು. ನಿವೃತ್ತ ಸೂಲಗಿತ್ತಿ ನರ್ಸ್. ಆ ಬೀದಿಯ ಅರ್ಧಕ್ಕರ್ಧ ಮಕ್ಕಳು ಲೋಕಕ್ಕೆ ಬಂದದ್ದು ಅವರ ಕೈಮೇಲೆ. ಅವರಿಗೆ ಕೇದಾರನಾಥನನ್ನು ನೋಡುವ ಬಯಕೆ ಬಹುಕಾಲದ್ದು. ಆದರೆ ಶ್ವಾಸಕೋಶ ದುರ್ಬಲ. ಎತ್ತರದ ಜಾಗಕ್ಕೆ ಹೋಗಲೇಕೂಡದೆಂದು ವೈದ್ಯರು ಖಂಡಿತವಾಗಿ ಹೇಳಿದ್ದರು. ಅದನ್ನು ಕೇಳಿದ ದಿನ ಏಕಾಂತಯ್ಯನವರು ದೇವರ ದೀಪದ ಮುಂದೆ ನಿಂತು, "ಈ ಶಿವರಾತ್ರಿ ಸಂಜೆ ನಿಮ್ಮನ್ನ ಕೇದಾರಕ್ಕೆ ಕರ್ಕೊಂಡು ಹೋಗ್ತೀನಿ ಕಣ್ರೀ ನಾಗಮ್ಮ" ಎಂದು ಮಾತು ಕೊಟ್ಟರು. ಹಿಮಾಲಯವನ್ನು ಅತ್ಯಂತ ಸೊಗಸಾಗಿ ತೋರಿಸುವ ಆಟದ ಹೊಸ ಆವೃತ್ತಿ ಆಗಷ್ಟೇ ಬಂದಿತ್ತು. ಅದನ್ನು ನಂಬಿಯೇ ಕೊಟ್ಟ ಮಾತು.

ಶಿವರಾತ್ರಿಗೆ ಕೆಲವು ವಾರ ಮುಂಚೆ ಪರೀಕ್ಷೆಗೆಂದು ಸೋಮವಾರದ ಪ್ರಯಾಣಿಕರ ಎದುರಿಗೇ ಹಾರಿಸಿ ನೋಡಿದರು. ವಿಮಾನ ತಡವರಿಸಿತು, ಹಿಮಶಿಖರಗಳೆಲ್ಲ ಚೌಕ ಚೌಕವಾಗಿ ನಿಂತವು.

ನಾಗಮಣಿಯವರು ಕನ್ನಡಕ ಸರಿಪಡಿಸಿಕೊಂಡು ದಿಟ್ಟಿಸಿದರು. "ಏಕಾಂತಯ್ಯ, ಇದೇನಯ್ಯ ಕೇದಾರ? ಕೊಬ್ಬರಿ ಮಿಠಾಯಿ ಕುಯ್ದು ತಟ್ಟೇಲಿ ಜೋಡಿಸ್ದಂಗಿದೆ!"

"ಅದು ಹಿಮ ಕಣ್ರೀ. ಇನ್ನೂ ಪೂರ್ತಿ ಬಂದಿಲ್ಲ."

"ಅದು ಪೂರ್ತಿ ಬರೋದ್ರೊಳಗೆ ನಾನು ಪೂರ್ತಿ ಹೋಗ್ಬುಟ್ಟಿರ್ತೀನಿ."

ಎಲ್ಲರೂ ನಕ್ಕರು. ಏಕಾಂತಯ್ಯನವರಿಗೆ ಮಾತ್ರ ನಗು ಬರಲಿಲ್ಲ.

ದೋಷವಿದ್ದುದು ಗ್ರಾಫಿಕ್ಸ್ ಕಾರ್ಡಿನಲ್ಲಿ. ಕಂಪ್ಯೂಟರಿನ ಹೊಟ್ಟೆಯೊಳಗೆ ಕುಳಿತು ಚಿತ್ರ ಬಿಡಿಸುವುದೊಂದೇ ಆ ಕಾರ್ಡಿನ ಕಾಯಕ. ಪಾಪ, ಅದು ಹಳೆಯದು. ಕಾಶಿಯ ಸ್ನಾನಘಟ್ಟಗಳನ್ನು ಬಿಡಿಸಬಲ್ಲದು, ಹಿಮಾಲಯ ಅದರ ಶಕ್ತಿಗೆ ಮೀರಿದ್ದು. ಹೊಸ ಕಾರ್ಡೋ ಏಕಾಂತಯ್ಯನವರ ಶಕ್ತಿಗೆ ಮೀರಿದ್ದು. ಅಷ್ಟರಲ್ಲಿ ಶಿವನೇ ಬಾಗಿಲು ತೆರೆದಂತೆ, ಕಾರ್ಡು ತಯಾರಿಸುವ ಕಂಪನಿಯವರು ಒಂದು ಎಕ್ಸ್‌ಚೇಂಜ್ ಯೋಜನೆ ಸಾರಿದರು. ತಮ್ಮದೇ ಹಳೆಯ ಕಾರ್ಡನ್ನು ತಂದೊಪ್ಪಿಸಿದರೆ ಹೊಸದು ಬಹಳ ರಿಯಾಯಿತಿಯಲ್ಲಿ ದೊರೆಯುವುದು. ಕಾರ್ಡು ಸುಸ್ಥಿತಿಯಲ್ಲಿರಬೇಕು, ಅದರ ಮೇಲಿನ ಸೀರಿಯಲ್ ನಂಬರ್ ಓದುವಂತಿರಬೇಕು. ವಿಜಯನಗರದಲ್ಲಿ ಅವರ ಸೇವಾ ಕೇಂದ್ರ. ಶಿವರಾತ್ರಿಯ ಹಿಂದಿನ ಶನಿವಾರವೇ ಕಡೆಯ ದಿನ.

ಅದರ ಹಿಂದಿನ ದಿನ, ಶುಕ್ರವಾರ, ಏಕಾಂತಯ್ಯನವರು ಕಂಪ್ಯೂಟರಿನ ಪಕ್ಕದ ಹಲಗೆ ಬಿಚ್ಚಿ ನೋಡಿ ತಲೆಯ ಮೇಲೆ ಕೈಯಿಟ್ಟುಕೊಂಡರು.

ಇದಕ್ಕೆ ಆಯುಧಪೂಜೆಯ ಹಿನ್ನೆಲೆಯುಂಟು. ಕತ್ತರಿ, ಈಳಿಗೆಮಣೆ, ಮಿಕ್ಸಿ, ಸ್ಕೂಟರುಗಳಿಗೆ ಸಲ್ಲುವ ಪೂಜೆ ಬಸಮ್ಮನವರ ಕೈಯಲ್ಲಿ ಕಂಪ್ಯೂಟರಿಗೂ ಸಲ್ಲುತ್ತಿತ್ತು. ಮೊದಲ ವರ್ಷವೇ ಅವರು, "ಡಬ್ಬಕ್ಕೆ ಹಚ್ಚಿದ್ರೆ ಏನು ಬಂತು? ಕೆಲಸ ಮಾಡೋನು ಒಳಗಿದಾನಲ್ಲ, ಅವನನ್ನ ತೋರ್ಸಿ" ಎಂದಿದ್ದರು. ಇಷ್ಟು ಶುದ್ಧವಾದ ಭಕ್ತಿಗೆ ಯಾವ ಗಂಡ ತಾನೇ ಅಡ್ಡಿ ಬಂದಾನು? ಏಕಾಂತಯ್ಯನವರು ಹೆಮ್ಮೆಯಿಂದ ಹಲಗೆ ತೆಗೆದು ಕಾರ್ಡನ್ನು ತೋರಿಸಿದ್ದರು. ಅದರ ಕಪ್ಪು ಬೆನ್ನಿನ ಮೇಲೊಂದು ಬಿಳಿಯ ಸ್ಟಿಕರ್ ಇತ್ತು. ಬಸಮ್ಮನವರ ಕಣ್ಣಿಗೆ ಅದು ಥೇಟ್ ಹಣೆಯಂತೆಯೇ ಕಂಡಿತು. ವರ್ಷ ವರ್ಷವೂ ಆ ಹಣೆಗೆ ವಿಭೂತಿ, ಅದರ ಮೇಲೆ ಗಂಧ, ಗಂಧದ ಮೇಲೆ ಕುಂಕುಮ. ಸೀರಿಯಲ್ ನಂಬರ್ ಇದ್ದದ್ದು ಅಲ್ಲಿಯೇ.

ಏಕಾಂತಯ್ಯನವರು ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಉಜ್ಜತೊಡಗಿದರು. ಕುಂಕುಮ ಹೋಯಿತು, ಗಂಧ ಹೋಯಿತು. ಕೆಲಸ ಕೈಗೂಡಿತೆಂಬ ಉತ್ಸಾಹದಲ್ಲಿ ಇನ್ನಷ್ಟು ಉಜ್ಜಿದರು. ಸ್ಟಿಕರ್ ಹಾಲಿನಂತೆ ಬೆಳ್ಳಗಾಯಿತು.

"ಬಸಮ್ಮ, ನಂಬರ್ ಹೋಯ್ತು ಕಣೇ."

"ಯಾವ ನಂಬರು?"

"ನೀನು ಗಂಧ ಇಡ್ತಿದ್ಯಲ್ಲ, ಅದರ ಕೆಳಗಿದ್ದದ್ದು."

"ನಾನು ಇಡೋವಾಗ ಇತ್ತಲ್ಲ. ಉಜ್ಜಿದೋರು ಯಾರು?"

ಕಾರ್ಡು ಬಂದ ಡಬ್ಬಿಯ ಮೇಲೂ ಅದೇ ನಂಬರ್ ಇತ್ತೆಂಬುದು ಏಕಾಂತಯ್ಯನವರಿಗೆ ನೆನಪಾಯಿತು. ಆದರೆ ಆ ಡಬ್ಬಿಯಲ್ಲಿ ಬಸಮ್ಮನವರು ಹಪ್ಪಳ ತುಂಬಿ ತಂಗಿಯ ಮನೆಗೆ ಕಳುಹಿಸಿ ಎಷ್ಟೋ ಕಾಲವಾಗಿತ್ತು.

ಶನಿವಾರ ಬೆಳಿಗ್ಗೆ, ಆದದ್ದಾಗಲಿ ಎಂದು ಏಕಾಂತಯ್ಯನವರು ಸ್ಕೂಟರ್ ತೆಗೆದರು. ಬಸಮ್ಮನವರೂ ಹೊರಟು ನಿಂತರು. "ಇಷ್ಟು ದಿನ ನಮ್ಮನ್ನ ಊರೂರು ಸುತ್ತಿಸಿದೆ. ಮನೆ ಮಗಳನ್ನ ಕಳಿಸಿಕೊಟ್ಟಂಗೆ ಕಳಿಸ್ಬೇಕು, ಮೂಟೆ ಎಸೆದಂಗಲ್ಲ" ಎಂದು ಕಾರ್ಡನ್ನು ಮಡಿಯ ವಸ್ತ್ರದಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಹಿಂದೆ ಕುಳಿತರು.

ಸೇವಾ ಕೇಂದ್ರದ ಮೇಜಿನ ಹಿಂದೆ ಲಾಸ್ಯ ಎಂಬ ತರುಣಿ ಇದ್ದಳು. ವಸ್ತ್ರ ಬಿಚ್ಚಿ, ಕಾರ್ಡನ್ನು ಎತ್ತಿ, ಬೆಳಕಿಗೆ ಹಿಡಿದಳು.

"ಅಂಕಲ್, ಫ್ಯಾನ್ ಒಳಗೆ ಬೆಳ್ಳಗೆ ಏನಿದು?"

"ವಿಭೂತಿ ಕಣಮ್ಮ."

"ಈ ಮೂಲೇಲಿ ಕೆಂಪಗಿರೋದು? ತುಕ್ಕಾ?"

"ತುಕ್ಕಲ್ಲಮ್ಮ, ಕುಂಕುಮ."

ಆಕೆ ಕಾರ್ಡನ್ನು ಮೆಲ್ಲಗೆ ಅಲುಗಿಸಿದಳು. ಒಂದು ಅಕ್ಕಿಕಾಳು ಮೇಜಿನ ಮೇಲೆ ಬಿತ್ತು. "ಇದು?"

"ಅಕ್ಷತೆ," ಎಂದರು ಏಕಾಂತಯ್ಯನವರು, ಧ್ವನಿ ತಗ್ಗಿಸಿ.

"ಇಷ್ಟೆಲ್ಲ ತಿಂದ್ಕೊಂಡು ಇದು ಓಡ್ತಾ ಇತ್ತಾ?"

"ಓಡೋದೇನು ಬಂತಮ್ಮ, ಕಾಶಿಗೇ ಹೋಗಿ ಬಂದಿದೆ" ಎಂದರು ಬಸಮ್ಮನವರು.

ಲಾಸ್ಯ ನಗು ತಡೆದುಕೊಂಡು ಕಾರ್ಡನ್ನು ತನ್ನ ಯಂತ್ರಕ್ಕೆ ಜೋಡಿಸಿ ಪರೀಕ್ಷಿಸಿದಳು. ಅದು ಒಂದು ಕೊರತೆಯೂ ಇಲ್ಲದೆ ನಡೆಯಿತು. ಬಳಿಕ ಸ್ಟಿಕರಿನ ಮೇಲೆ ಬೆರಳಾಡಿಸಿದವಳ ಮುಖ ಬಾಡಿತು. "ನಂಬರ್ ಇಲ್ದೆ ನಾನು ತಗೊಳೋ ಹಾಗಿಲ್ಲ ಅಂಕಲ್. ಕದ್ದ ಕಾರ್ಡ್ ಯಾವುದು, ನಿಮ್ಮ ಕಾರ್ಡ್ ಯಾವುದು ಅಂತ ಕಂಪನಿಗೆ ಹೆಂಗೆ ಗೊತ್ತಾಗ್ಬೇಕು? ನಿಜವಾಗ್ಲೂ ಸಾರಿ."

ಆಕೆಯ ಮಾತು ನ್ಯಾಯವಾದುದೆಂದು ಏಕಾಂತಯ್ಯನವರೇ ಒಪ್ಪಿಕೊಂಡರು. ಉಗ್ರಾಣ ನೋಡಿಕೊಳ್ಳುವವರಿಗೆ ನಂಬರಿಲ್ಲದ ಸರಕಿನ ಪಾಡು ತಿಳಿಯದೆ? ಅವರ ಕಣ್ಣ ಮುಂದೆ ನಿಂತದ್ದು ಕಾರ್ಡಲ್ಲ. ಎದುರುಮನೆಯ ಜಗಲಿಯಲ್ಲಿ, ಕೇದಾರಕ್ಕೆಂದು ಆಗಲೇ ಸ್ವೆಟರ್ ಬಿಸಿಲಿಗೆ ಹಾಕಿ ಕುಳಿತ ನಾಗಮಣಿಯವರು. ದೀಪದ ಮುಂದೆ ಆಡಿದ ಮಾತು ಸುಳ್ಳಾಯಿತಲ್ಲ ಶಿವನೇ ಎಂದುಕೊಂಡರು.

"ಸರಿಯಮ್ಮ, ಬರ್ತೀವಿ" ಎಂದು ಕಾರ್ಡಿಗಾಗಿ ಕೈ ನೀಡಿದರು.

"ಒಂಚೂರು ತಡೀರಿ" ಎಂದರು ಬಸಮ್ಮನವರು. ಕೈಚೀಲದಿಂದ ವಿಭೂತಿಗಟ್ಟಿ ಹೊರಬಂದಿತು. "ಬೀಳ್ಕೊಡೋಕೆ ಅಂತ ತಂದಿದ್ದೆ. ವಾಪಸ್ ಬರೋದಾದ್ರೂ ಬರಿ ಹಣೇಲಿ ಬರಬಾರದು."

"ಬ್ಯಾಡ ಕಣೇ! ನಿನ್ನೆಯೆಲ್ಲ ಉಜ್ಜಿ ಉಜ್ಜಿ ನನ್ನ ರೆಟ್ಟೆ ಬಿದ್ದೋಗಿದೆ!"

"ಸ್ಟಿಕರ್ ಮುಟ್ಟಲ್ಲ ಬುಡಿ, ನಂಗೂ ಬುದ್ಧಿ ಬಂದಿದೆ" ಎನ್ನುತ್ತಾ ಅವರು ಗಟ್ಟಿಯನ್ನು ತಿಕ್ಕಿ, ಕಾರ್ಡಿನ ಕಪ್ಪು ಲೋಹದ ಅಂಚಿನ ಮೇಲೆ ಮೂರು ಬೆರಳನ್ನು ಭದ್ರವಾಗಿ ಎಳೆದರು. ಗೆರೆ ದಪ್ಪವಾಯಿತೆಂದು ಸೆರಗಿನ ತುದಿಯಿಂದ ಮೇಲುಮೇಲೆ ಸವರಿದರು.

"ಆಂಟಿ, ನಿಲ್ಸಿ!" ಲಾಸ್ಯ ಕುರ್ಚಿಯಿಂದ ಎದ್ದೇಬಿಟ್ಟಳು. "ಒರೆಸ್ಬೇಡಿ! ಕೈ ತೆಗೀರಿ!"

ಬಸಮ್ಮನವರು ಬೆಚ್ಚಿ ಕೈ ತೆಗೆದರು. ಲೋಹದ ಅಂಚಿನಲ್ಲಿ, ಕಪ್ಪಿನ ಮೇಲೆ ಬೆಳ್ಳಗೆ, ಅಂಕಿಗಳ ಸಾಲೊಂದು ಎದ್ದು ನಿಂತಿತ್ತು. ಕಾರ್ಡು ತಯಾರಿಸಿದವರು ಅದೇ ನಂಬರನ್ನು ಅಲ್ಲಿಯೂ ಸೂಕ್ಷ್ಮವಾಗಿ ಕೆತ್ತಿದ್ದರು. ಕಪ್ಪಿನಲ್ಲಿ ಕಪ್ಪಾಗಿ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಈಗ ಆ ಗೀರುಗಳಲ್ಲಿ ವಿಭೂತಿ ತುಂಬಿಕೊಂಡಿತ್ತು. ಶಿವಶಿವಾ, ಮರೆಮಾಡಿದ ಭಸ್ಮವೇ ಬೆಳಕಿಗೆ ತಂದಿತಲ್ಲ! ಬೇಡುವ ಮುನ್ನವೇ ಕೊಡುವ ಆ ಭೋಳೇಶಂಕರನ ಕರುಣೆಗೆ ಎಣೆಯುಂಟೆ?

"ಕೊನೆಯಲ್ಲಿರೋದು ಮೂರಾ, ಎಂಟಾ ಗೊತ್ತಾಗ್ತಿಲ್ಲ" ಎಂದಳು ಲಾಸ್ಯ, ಮೂಗು ಕಾರ್ಡಿಗೆ ತಾಗುವಷ್ಟು ಬಾಗಿ. "ಆಂಟಿ, ಅಲ್ಲಿಗೆ ಇನ್ನೊಂಚೂರು ಹಚ್ಚಿ."

"ನೋಡಿದ್ರಾ? ಕಂಪನಿಯವರೇ ಹಚ್ಚು ಅಂತಾರೆ" ಎಂದು ಗಂಡನ ಕಡೆಗೊಮ್ಮೆ ನೋಡಿ ಬಸಮ್ಮನವರು ಹಚ್ಚಿದರು. ಎಂಟೇ ಆಗಿತ್ತು. ಕಾರ್ಡು ಕೊಂಡಾಗಲೇ ಬರೆಸಿದ್ದ ಕಂಪನಿಯ ದಾಖಲೆಯಲ್ಲಿ ಏಕಾಂತಯ್ಯನವರ ಹೆಸರಿನ ಎದುರಿಗೆ ಅದೇ ನಂಬರ್ ಇತ್ತು.

ಹಳೆಯ ಕಾರ್ಡು ಇತರ ಕಾರ್ಡುಗಳ ನಡುವೆ ತಟ್ಟೆಯಲ್ಲಿ ಮಲಗಿತು. ವಿಭೂತಿ ಧರಿಸಿದ್ದುದು ಅದೊಂದೇ. ಬಸಮ್ಮನವರು ಕೈಮುಗಿದರು. ಲಾಸ್ಯ ಅತ್ತಿತ್ತ ನೋಡಿ, ತಾನೂ ತಟ್ಟೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು.

ಶಿವರಾತ್ರಿಯ ಸಂಜೆ ನಾಗಮಣಿಯವರು ಸ್ವೆಟರ್ ತೊಟ್ಟು, ಮಂಕಿ ಟೋಪಿ ಹಾಕಿ, ಬಿಲ್ವಪತ್ರೆಯ ಪೊಟ್ಟಣ ಹಿಡಿದು ಮುಂದಿನ ಕುರ್ಚಿಯಲ್ಲಿ ಕುಳಿತರು.

"ಒಳಗೆ ಸೆಖೆ ಆಗಲ್ವೇನ್ರೀ?" ಎಂದು ಬಸಮ್ಮನವರು ಕೇಳಿದರೆ, "ಕೇದಾರ ಅಂದ್ರೆ ತಮಾಷೆನಾ? ನೀನೂ ಶಾಲು ತಗೋ" ಎಂದರು.

ವಿಮಾನ ಮಂಡಕಳ್ಳಿಯಿಂದ ಎದ್ದಿತು. ಚಾಮುಂಡಿ ಬೆಟ್ಟದ ಸುತ್ತು ಮುಗಿಯಿತು. ಏಕಾಂತಯ್ಯನವರು ಉಸಿರು ಬಿಗಿಹಿಡಿದು ಗುಂಡಿ ಒತ್ತಿದರು. ಕಣಿವೆಯ ನಡುವೆ ಮಂದಾಕಿನಿ ಮಿನುಗಿತು. ಇಕ್ಕೆಲಗಳಲ್ಲಿ ಹಿಮದ ಗೋಡೆಗಳು ಮಡಿಕೆ ಮಡಿಕೆಯಾಗಿ, ನೆರಳು ಬೆಳಕಿನೊಡನೆ ತೆರೆದುಕೊಂಡವು. ಒಂದು ತಿರುವಿನಲ್ಲಿ ನಾಗಮಣಿಯವರು ಕುರ್ಚಿಯ ಕೈ ಹಿಡಿದುಕೊಂಡರು. ಅದರಾಚೆ, ಬಿಳುಪಿನ ಬುಡದಲ್ಲಿ, ಕಲ್ಲಿನ ಗುಡಿಯೊಂದು ಹರಳಿನಷ್ಟೇ ಕಾಣಿಸಿತು.

ಏಕಾಂತಯ್ಯನವರು ಗುಡಿಯ ಮೇಲೆ ಮತ್ತೆ ಮತ್ತೆ ಸುತ್ತು ಹಾಕಿದರು. ತಿರುಗಿ ನಾಗಮಣಿಯವರನ್ನು ನೋಡುವ ಧೈರ್ಯವಾಗಲಿಲ್ಲ.

"ಏಕಾಂತಯ್ಯ."

"ಏನಮ್ಮ?"

"ಆ ಫ್ಯಾನ್ ಆರ್ಸಯ್ಯ. ಚಳಿ ಆಯ್ತದೆ."

ಬಸಮ್ಮನವರು ಓಡಿಹೋಗಿ ಸೂರಿನ ಫ್ಯಾನ್ ಆರಿಸಿದರು. ಈ ಬಾರಿ ಬೆಲ್ಟಿನ ಮಾತನ್ನು ಯಾರೂ ಎತ್ತಲಿಲ್ಲ. ನಾಗಮಣಿಯವರು ಕೂತಲ್ಲಿಂದಲೇ ಬಾಗಿ, ಪೊಟ್ಟಣ ಬಿಚ್ಚಿ, ಕಂಪ್ಯೂಟರಿನ ನೆತ್ತಿಯ ಮೇಲೆ ಒಂದು ಬಿಲ್ವದಳವನ್ನಿಟ್ಟರು. ಇಟ್ಟದ್ದು ಗಾಳಿ ಹೊರಬರುವ ಜಾಲರಿಯ ಮೇಲೆಯೇ. ಅಲ್ಲಿ ಏನನ್ನೂ ಇಡಬಾರದೆಂದು ಹೇಳಲು ಏಕಾಂತಯ್ಯನವರು ಬಾಯಿ ತೆರೆದರು, ಮುದುಕಿಯ ಮುಖ ನೋಡಿ ಮುಚ್ಚಿಕೊಂಡರು. ಹೊಸ ಕಾರ್ಡಿನ ಬಿಸಿಯುಸಿರಿಗೆ ದಳ ಅಂಗುಲದಷ್ಟು ಮೇಲಕ್ಕೆದ್ದು ತೂಗಾಡುತ್ತಿತ್ತು.